ಜೇನು ಹೋಟೆಲ್ ಅಂತ ಮಾರೋ ಮರದ ಪೆಟ್ಟಿಗೆ: 14 ತಿಂಗಳು ಇಟ್ಕೊಂಡು ನೋಡಿದ ಮೇಲೆ

ಐದರಲ್ಲಿ ಎರಡೇ ಸ್ಟಾರ್ ಕೊಡ್ತಿದೀನಿ. ತಂದ ವಾರದಲ್ಲೇ ರಿವ್ಯೂ ಹಾಕಿದ್ರೆ ಐದಕ್ಕೆ ಐದೂ ಕೊಟ್ಬಿಡ್ತಿದ್ದೆ, ಯಾಕಂದ್ರೆ ನೋಡೋಕೆ ಅಷ್ಟು ಚೆನ್ನಾಗಿದೆ. ಬೇರೆಯವರ ರಿವ್ಯೂಗಳೂ ಹಂಗೇ ಇವೆ, ಪ್ಯಾಕಿಂಗ್ ಸೂಪರ್, ಗೋಡೆ ಮೇಲೆ ಚೆನ್ನಾಗಿ ಕಾಣುತ್ತೆ, ಗಿಫ್ಟ್ ಕೊಡೋಕೆ ಒಳ್ಳೇದು ಅಂತ. ಹುಳ ಬಂತಾ, ಮೊಟ್ಟೆ ಇಡ್ತಾ, ಮರಿ ಬದುಕಿ ಹೊರಗೆ ಬಂತಾ ಅಂತ ಒಬ್ಬರೂ ಬರ್ದಿಲ್ಲ. ಇದನ್ನ ತಗೊಳ್ಳೋದೇ ಅದಕ್ಕಲ್ವಾ? ಅದಕ್ಕೇ 14 ತಿಂಗಳು ಕಾದು ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ತಗೊಳ್ಳೋ ಯೋಚನೆ ಇರೋರು ದಯವಿಟ್ಟು ಪೂರ್ತಿ ಓದಿ.

ಗೊತ್ತಿಲ್ದೋರಿಗೆ ಮೊದಲು ಒಂದ್ಮಾತು. ಇದು ಜೇನು ಸಾಕೋ ಪೆಟ್ಟಿಗೆ ಅಲ್ಲ, ಇದರಿಂದ ಒಂದು ತೊಟ್ಟು ತುಪ್ಪಾನೂ ಸಿಗಲ್ಲ. ಜೇನು ಅಂದ ತಕ್ಷಣ ನಮಗೆಲ್ಲ ರಾಣಿ, ಕೆಲಸದ ಹುಳಗಳು, ಸಾವಿರಾರು ಸೇರಿ ಕಟ್ಟಿದ ಹುಟ್ಟು, ಇದೇ ಕಣ್ಮುಂದೆ ಬರೋದು. ಆದ್ರೆ ಜಗತ್ತಲ್ಲಿ ಇಲ್ಲೀವರೆಗೂ ಗುರುತಿಸಿರೋ ಜೇನಿನ ಜಾತಿಗಳು ಸುಮಾರು 20,000, ಅದರಲ್ಲಿ ಹೆಚ್ಚಿನವು ಒಂಟಿ ಜೇನುಗಳು. ಹೆಣ್ಣುಹುಳ ತಾನೊಂದೇ ಗೂಡು ಹುಡ್ಕಿ, ತಾನೇ ಪರಾಗ ತಂದು ಉಂಡೆ ಕಟ್ಟಿ, ಅದರ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟು, ಅಡ್ಡ ಗೋಡೆ ಹಾಕಿ, ಮತ್ತೆ ಇನ್ನೊಂದು ಉಂಡೆ ಇನ್ನೊಂದು ಮೊಟ್ಟೆ ಅಂತ ಸಾಲಾಗಿ ಕೋಣೆ ಕಟ್ಕೊಂಡು ಬಂದು ಕೊನೆಗೆ ಬಾಗ್ಲು ಮುಚ್ಚಿ ಹೋಗ್ಬಿಡುತ್ತೆ. ಸಾಮಾನ್ಯವಾಗಿ ತನ್ನ ಮರಿ ಮುಖ ಅದು ನೋಡೋದೇ ಇಲ್ಲ. ಈ ಒಂಟಿ ಜೇನುಗಳಲ್ಲಿ ಬಹುಪಾಲು ಮಣ್ಣಲ್ಲಿ ಬಿಲ ತೋಡೋವು. ಉಳಿದವು ಟೊಳ್ಳು ಕಡ್ಡಿ, ಒಣಗಿದ ಮರದಲ್ಲಿ ಬೇರೆ ಹುಳ ಕೊರೆದು ಬಿಟ್ಟ ತೂತು, ಇಂಥ ಜಾಗ ಹುಡುಕ್ತವೆ. ಈ ಪೆಟ್ಟಿಗೆ ಮಾಡಿರೋದು ಈ ಎರಡನೇ ಗುಂಪಿಗೆ ಮಾತ್ರ. ಡಬ್ಬದ ಮೇಲೆ ಅದನ್ನ ಎಲ್ಲೂ ಬರ್ದಿಲ್ಲ, ದೊಡ್ಡಕ್ಷರದಲ್ಲಿ ಜೇನು ಉಳಿಸಿ ಅಂತ ಮಾತ್ರ ಇದೆ.

ನಾನು ತಗೊಂಡಿದ್ದು ಒಂದು ಕುಂಬಳ ಬಳ್ಳಿ ದೆಸೆಯಿಂದ. ಬಳ್ಳಿ ತುಂಬ ಹೂವು, ಆದ್ರೆ ಒಂದು ಕಾಯೂ ನಿಲ್ತಿರ್ಲಿಲ್ಲ. ಹೆಣ್ಣು ಹೂವಿನ ಬುಡದಲ್ಲಿ ಗೋಲಿ ಗಾತ್ರದ ಮಿಡಿ ಇರುತ್ತಲ್ಲ, ಅದು ಎರಡ್ಮೂರು ದಿನಕ್ಕೆ ತುದಿಯಿಂದ ಹಳದಿ ತಿರುಗಿ ಮೆತ್ತಗಾಗಿ ಉದುರೋದು. ಗೊಬ್ಬರ ಸಾಲ್ದು ಅಂದ್ಕೊಂಡು ಗೊಬ್ಬರ ಹಾಕ್ದೆ, ನೀರು ಜಾಸ್ತಿ ಆಯ್ತೇನೋ ಅಂತ ಕಮ್ಮಿ ಮಾಡ್ದೆ, ಏನೂ ಆಗ್ಲಿಲ್ಲ. ಆಮೇಲೆ ಗೊತ್ತಾಗಿದ್ದು, ಕುಂಬಳದ ಹೂವು ನಸುಕಲ್ಲಿ ಅರಳಿ ಬಿಸಿಲೇರಿದ ಮೇಲೆ ಮುಚ್ಕೊಳ್ಳುತ್ತೆ, ಅದರ ಪರಾಗ ಭಾರ, ಅಂಟಂಟು, ಗಾಳಿಗೆ ಹಾರಲ್ಲ, ಆ ಕೆಲವೇ ಗಂಟೆಯೊಳಗೆ ಯಾವ್ದಾದ್ರೂ ಹುಳ ಗಂಡು ಹೂವಿಂದ ಹೆಣ್ಣು ಹೂವಿಗೆ ಮುಟ್ಟಿಸ್ಬೇಕು. ನಾನು ಬೆಳಗ್ಗೆ ಬೇಗ ಎದ್ದು ಬಳ್ಳಿ ಮುಂದೆ ಕೂತು ನೋಡ್ದೆ. ಒಂದು ಹುಳಾನೂ ಬರ್ಲಿಲ್ಲ. ಮಾರನೇ ದಿನಾನೂ ಇಲ್ಲ. ಆವತ್ತು ನನಗೆ ನಿಜವಾಗ್ಲೂ ಭಯ ಆಯ್ತು, ಕಾಯಿ ಬರಲ್ವಲ್ಲ ಅಂತಲ್ಲ, ಇಷ್ಟು ಹೂವಿಟ್ಕೊಂಡು ಇಷ್ಟು ನಿಶ್ಶಬ್ದವಾಗಿದೆಯಲ್ಲ ಅಂತ.

ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಗಂಡು ಹೂವು ಕಿತ್ತು ದಳ ಹರಿದು ಹೆಣ್ಣು ಹೂವಿಗೆ ನಾನೇ ಒರೆಸ್ತಿದ್ದೆ. ಕಾಯಿ ನಿಲ್ತು. ಒಂದು ಬಳ್ಳಿಗೇ ಇಷ್ಟು ಕೆಲಸ. ವೆನಿಲ್ಲಾ ಬೆಳೆಯೋರು ಪೂರ್ತಿ ತೋಟಕ್ಕೆ ಇದನ್ನೇ ಮಾಡ್ತಾರೆ, ಪ್ರತಿ ಹೂವಿಗೂ ಕೈಯಲ್ಲಿ, ಆ ಹೂವು ಅರಳಿರೋದೂ ಒಂದೇ ದಿನ. ವೆನಿಲ್ಲಾ ಬಳ್ಳಿಯನ್ನ ಅದರ ಮೂಲ ಜಾಗ ಮೆಕ್ಸಿಕೋದಿಂದ ಬೇರೆ ಕಡೆ ತಗೊಂಡು ಹೋದ್ರೂ ಅದರ ಹುಳ ಜೊತೆಗೆ ಬರ್ಲಿಲ್ಲ, ಕಾಯಿ ಕಚ್ಚಲಿಲ್ಲ. 1841 ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಅನ್ನೋ 12 ವರ್ಷದ ಗುಲಾಮ ಹುಡುಗ ಒಂದು ಸಣ್ಣ ಕಡ್ಡಿ ಮತ್ತೆ ಹೆಬ್ಬೆರಳು ಉಪಯೋಗಿಸಿ ಪರಾಗ ಮುಟ್ಟಿಸೋ ಉಪಾಯ ಕಂಡುಹಿಡಿದ, ಇವತ್ತಿಗೂ ಅದೇ ಉಪಾಯ. ಹುಳ ಇಲ್ದಿದ್ರೆ ಏನು ಅಂತ ಕೇಳೋರಿಗೆ ನಾನು ಇದನ್ನೇ ಹೇಳೋದು: ಹುಳ ಪುಕ್ಕಟೆ ಮಾಡ್ತಿದ್ದ ಕೆಲಸ ಮನುಷ್ಯನ ಬೆನ್ನಿಗೆ ಬೀಳುತ್ತೆ.

ಸರಿ, ಪೆಟ್ಟಿಗೆ ವಿಷಯಕ್ಕೆ ಬರ್ತೀನಿ. ಮನೆ ಆಕಾರದ ಫ್ರೇಮು, ಮೇಲೆ ಇಳಿಜಾರು ಚಾವಣಿ, ಒಳಗೆ ನಾಲ್ಕು ಖಾನೆ. ಒಂದರಲ್ಲಿ ಬಿದಿರ ತುಂಡು, ಒಂದರಲ್ಲಿ ತೂತು ಕೊರೆದ ಮರದ ದಿಮ್ಮಿ, ಒಂದರಲ್ಲಿ ಪೈನ್ ಮರದ ಒಣ ಕಾಯಿಗಳು, ಇನ್ನೊಂದರಲ್ಲಿ ಉದ್ದ ಸೀಳು ಬಿಟ್ಟ ಕೆಂಪು ಬಾಗ್ಲು, ಅದು ಚಿಟ್ಟೆಗಂತೆ. ಚಿಟ್ಟೆ ಅದರೊಳಗೆ ಹೋಗಲ್ಲ ಸ್ವಾಮಿ. 14 ತಿಂಗಳಲ್ಲಿ ಒಂದೂ ಹೋಗ್ಲಿಲ್ಲ, ಜೇಡ ಮನೆ ಮಾಡ್ತು. ಪೈನ್ ಕಾಯಿಗಳಲ್ಲಿ ಯಾವ ಜೇನೂ ಮೊಟ್ಟೆ ಇಡಲ್ಲ, ಅದು ಬರೀ ಖಾನೆ ತುಂಬೋಕೆ. ಅಂದ್ರೆ ಅರ್ಧ ಪೆಟ್ಟಿಗೆ ಕಣ್ಣಿಗೆ ಚೆಂದ ಅಷ್ಟೇ.

ಉಳಿದರ್ಧದಲ್ಲಿ ತಪ್ಪುಗಳು ಇನ್ನೂ ಗಂಭೀರವಾಗಿವೆ. ಸ್ಕೇಲ್ ಇಟ್ಟು ಅಳೆದೆ. ಬಿದಿರ ತೂತುಗಳು ಹೆಚ್ಚಿನವು 12, 14 ಮಿಲಿಮೀಟರ್ ಅಗಲ, ಈ ಥರ ಕೊಳವೆಗೆ ಬರೋ ಜೇನುಗಳಿಗೆ ಬೇಕಾಗೋದು 3 ರಿಂದ 10 ಮಿಲಿಮೀಟರ್. ಉದ್ದ ಬರೀ 6 ಸೆಂಟಿಮೀಟರ್, ಬೇಕಾಗಿರೋದು 15 ರ ಹತ್ರ ಹತ್ರ. ಉದ್ದ ಯಾಕೆ ಮುಖ್ಯ ಅಂದ್ರೆ, ತಾಯಿಹುಳ ಹೆಣ್ಣಾಗೋ ಮೊಟ್ಟೆಗಳನ್ನ ಕೊಳವೆಯ ಒಳಗಡೆ ಕೊನೇಲಿ ಇಡುತ್ತೆ, ಗಂಡಾಗೋ ಮೊಟ್ಟೆಗಳನ್ನ ಬಾಗ್ಲ ಹತ್ರ. ಯಾವ್ದು ಗಂಡು ಯಾವ್ದು ಹೆಣ್ಣು ಅನ್ನೋದು ಅದರ ಕೈಯಲ್ಲೇ ಇದೆ, ವೀರ್ಯ ಸೇರಿಸಿದ ಮೊಟ್ಟೆ ಹೆಣ್ಣು, ಸೇರಿಸದ್ದು ಗಂಡು. ಕೊಳವೆ ಮೋಟಾಗಿದ್ರೆ ಗಂಡೇ ಜಾಸ್ತಿ ಆಗಿ ಮುಂದಿನ ಸಲ ಮೊಟ್ಟೆ ಇಡೋಕೆ ಹೆಣ್ಣು ಕಮ್ಮಿ. ಇಷ್ಟು ದೊಡ್ಡ ವಿಷಯ, ಫ್ಯಾಕ್ಟರೀಲಿ ನಾಲ್ಕು ಬೆರಳು ಬಿದಿರು ಉಳಿಸೋಕೆ ಹೋಗಿ ಹಾಳ್ಮಾಡಿದಾರೆ.

ಇನ್ನು ಕೊಳವೆಗಳು ಹಿಂದೆ ಮುಂದೆ ಎರಡೂ ಕಡೆ ತೆರೆದಿವೆ, ಕಣ್ಣಿಟ್ರೆ ಆಚೆ ಬೆಳಕು ಕಾಣುತ್ತೆ. ಹಿಂಬದಿ ಮುಚ್ಚಿರದ ಕೊಳವೆಗೆ ಜೇನು ಸಾಮಾನ್ಯವಾಗಿ ಬರಲ್ಲ. ಕತ್ತರಿಸಿದ ಬಾಯಿ ಒರಟು, ಸಿಬರು ಎದ್ದಿದೆ, ಬೆರಳಿಟ್ಟು ನೋಡಿದ್ರೆ ಚುಚ್ಚುತ್ತೆ, ಆ ತೆಳ್ಳನೆ ರೆಕ್ಕೆ ಗತಿ ಏನು? ಮೇಲಿಂದ ವಾರ್ನಿಷ್ ವಾಸನೆ, ತಿಂಗಳಾದ್ರೂ ಹೋಗ್ಲಿಲ್ಲ. ನೇತುಹಾಕೋಕೆ ಒಂದು ದಾರ ಕೊಟ್ಟಿದಾರೆ, ಗಾಳಿ ಬಂದಾಗೆಲ್ಲ ತೂಗಾಡುತ್ತೆ, ಹುಳಕ್ಕೆ ಬೇಕಿರೋದು ಅಲ್ಲಾಡದ ಗೂಡು. ಎಲ್ಲಕ್ಕಿಂತ ಕೆಟ್ಟದ್ದು, ಇದನ್ನ ಬಿಚ್ಚಿ ಕ್ಲೀನ್ ಮಾಡೋ ಹಂಗಿಲ್ಲ, ಎಲ್ಲಾ ಅಂಟು ಹಾಕಿ ಕೂರಿಸಿದಾರೆ. ಹಳೇ ಗೂಡಲ್ಲಿ ನುಸಿ ಸೇರ್ಕೊಳ್ಳುತ್ತೆ, ಬೂಷ್ಟು ಹಿಡಿಯುತ್ತೆ, ಮುಂದಿನ ಸಲ ಬರೋ ಹುಳದ ಮರಿಗಳ ಊಟ ನುಸಿ ತಿಂದು ಮುಗಿಸುತ್ತೆ. ಪ್ರತಿ ಸಲ ಕೊಳವೆ ಬದಲಾಯಿಸೋ ಹಾಗಿರ್ಲೇಬೇಕು.

ಮಾರಿದೋರಿಗೆ ಇದೆಲ್ಲಾ ಫೋಟೋ ಸಮೇತ ಬರ್ದೆ. ವಾಪಸ್ ಕೊಡೋ ಅವಧಿ ಮುಗಿದಿದೆ ಅಂತ ಉತ್ತರ ಬಂತು. ನಾನು ವಾಪಸ್ ತಗೊಳ್ಳಿ ಅಂತ ಕೇಳೇ ಇರ್ಲಿಲ್ಲ, ಮುಂದಿನ ಸಲ ಸರಿಯಾಗಿ ಮಾಡಿ ಅಂದಿದ್ದೆ.

ಇನ್ನೊಂದು. ಡಬ್ಬದ ಮೇಲೆ ಐನ್‌ಸ್ಟೈನ್ ಫೋಟೋ ಹಾಕಿ, ಜೇನು ಹೋದ್ರೆ ನಾಲ್ಕು ವರ್ಷದಲ್ಲಿ ಮನುಷ್ಯಕುಲ ಮುಗೀತು ಅಂತ ಅವರು ಹೇಳಿದ ಹಾಗೆ ಹಾಕಿದಾರೆ. ಐನ್‌ಸ್ಟೈನ್ ಹಂಗೆ ಹೇಳಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಮಾತೂ ನಿಜ ಅಲ್ಲ. ಅಕ್ಕಿ, ಗೋಧಿ, ಜೋಳಕ್ಕೆ ಹುಳ ಬೇಕಾಗಿಲ್ಲ, ಗಾಳಿಯಿಂದಲೋ ತಮ್ಮಷ್ಟಕ್ಕೆ ತಾವೋ ಕಾಳು ಕಟ್ತವೆ. ನಿಜ ಏನಿದೆಯೋ ಅದೇ ಸಾಕಷ್ಟು ದೊಡ್ಡದು: ಲೋಕದ 115 ಮುಖ್ಯ ಆಹಾರ ಬೆಳೆಗಳಲ್ಲಿ 87 ಕ್ಕೆ ಒಂದಲ್ಲ ಒಂದು ಮಟ್ಟಿಗೆ ಪ್ರಾಣಿಗಳಿಂದಾಗೋ ಪರಾಗಸ್ಪರ್ಶ ಬೇಕು, ತೂಕದ ಲೆಕ್ಕದಲ್ಲಿ ಒಟ್ಟು ಬೆಳೆಯ ಸುಮಾರು 35%. ಹಣ್ಣು, ತರಕಾರಿ, ಬೀಜ, ಕಾಯಿಪಲ್ಯ, ಅಂದ್ರೆ ಹೊಟ್ಟೆ ತುಂಬೋಕಿಂತ ಮೈಗೆ ಹತ್ತೋ ಪದಾರ್ಥ ಇರೋದೇ ಅಲ್ಲಿ. ಕಾಡಿನ ಲೆಕ್ಕ ಬೇರೆ, ಹೂ ಬಿಡೋ ಗಿಡಗಳಲ್ಲಿ ಹೆಚ್ಚುಕಮ್ಮಿ 90% ಪ್ರಾಣಿಗಳನ್ನೇ ನೆಚ್ಚಿಕೊಂಡಿವೆ, ಆ ಗಿಡದ ಹಣ್ಣು ಬೀಜ ತಿನ್ನೋ ಹಕ್ಕಿ ಪ್ರಾಣಿ ಅದರ ಹಿಂದೆ. ಇಷ್ಟಿರುವಾಗ ಸುಳ್ಳು ಯಾಕೆ ಹಾಕ್ಬೇಕು, ನನಗೆ ಅರ್ಥ ಆಗ್ಲಿಲ್ಲ, ಸುಳ್ಳು ಅಂತ ಗೊತ್ತಾದ ದಿನ ಜನ ನಿಜಾನೂ ನಂಬಲ್ಲ.

ಐದು ತಿಂಗಳು ಒಂದು ಹುಳಾನೂ ಬರದೇ ಹೋದ್ಮೇಲೆ ಪೆಟ್ಟಿಗೆ ಒಡೆದೆ. ಫ್ರೇಮು, ಚಾವಣಿ ಉಳಿಸ್ಕೊಂಡು ಒಳಗಿಂದೆಲ್ಲಾ ತೆಗೆದು ಹಾಕ್ದೆ. ಸಣ್ಣ ಬಿದಿರು ಮತ್ತೆ ಟೊಳ್ಳು ಕಡ್ಡಿಗಳನ್ನ ಗೆಣ್ಣಿನ ಹಿಂದಕ್ಕೆ ಕತ್ತರಿಸ್ದೆ, ಆಗ ಹಿಂಬದಿ ತಾನಾಗೇ ಮುಚ್ಚಿರುತ್ತೆ. ಬಾಯಿಗೆ ಉಪ್ಪುಕಾಗದ ಹಾಕಿ ತಿಕ್ಕಿ ನುಣ್ಣಗೆ ಮಾಡ್ದೆ. ಫ್ರೇಮಿನ ಹಿಂದೆ ಇನ್ನೊಂದು ಹಲಗೆ ಹೊಡೆದು ಆಳ ಜಾಸ್ತಿ ಮಾಡಿ, ಎದೆ ಮಟ್ಟಕ್ಕೆ, ಬೆಳಗಿನ ಬಿಸಿಲು ನೇರ ಬೀಳೋ ಗೋಡೆಗೆ ಎರಡು ಸ್ಕ್ರೂ ಹಾಕಿ ಗಟ್ಟಿಯಾಗಿ ಕೂರಿಸ್ದೆ. ಮಳೆ ಇರಚಲು ಬಾಯಿಗೆ ಹೊಡೀಬಾರ್ದು, ಅದೊಂದು ನೋಡ್ಕೊಳ್ಳಿ.

ಹದಿನೆಂಟನೇ ದಿನ ಬಂತು. ಎಲೆ ಕತ್ತರಿಸೋ ಜೇನು. ಮೊದಲು ನಾನು ಕಂಡಿದ್ದು ಹಾರ್ತಾ ಬರ್ತಿರೋ ಒಂದು ಹಸಿರು ಎಲೆ ಚೂರು ಮಾತ್ರ, ಹುಳ ಇದೆ ಅಂತಾನೇ ಗೊತ್ತಾಗ್ಲಿಲ್ಲ. ಹೊಟ್ಟೆ ಕೆಳಗೆ ಎಲೆ ಸುರುಳಿ ಮಾಡಿ ಕಾಲಲ್ಲಿ ಅವಚಿಕೊಂಡು ಸೀದಾ ಕೊಳವೆಯೊಳಗೆ ನುಗ್ತು. ಒಳಗಿಂದ ಸಣ್ಣ ಝುಂಯ್ ಅಂತ ಸದ್ದು, ಸ್ವಲ್ಪ ಹೊತ್ತಿಗೆ ಬರಿಗೈಲಿ ಹೊರಗೆ. ಎಲ್ಲಿಂದ ತರ್ತಿದೆ ಅಂತ ಹಿಂದೆ ಹೋದ್ರೆ ಅಲ್ಲೇ ನಮ್ಮ ಗುಲಾಬಿ ಗಿಡ. ಎಲೆ ಅಂಚಲ್ಲಿ ಕೂತು ದವಡೆಯಿಂದ ಕತ್ತರಿಸ್ತಾ ಮೈಯನ್ನೇ ಕೈವಾರದ ಥರ ತಿರುಗಿಸುತ್ತೆ, ಚೂರು ಇನ್ನೇನು ಬಿಡಿಸ್ಕೊಳ್ಳುತ್ತೆ ಅನ್ನೋವಾಗ ರೆಕ್ಕೆ ಬಡಿಯೋಕೆ ಶುರು ಮಾಡಿ ಎಲೆ ಸಮೇತ ಗಾಳಿಗೆ. ಅಷ್ಟೂ ಕೆಲವೇ ಸೆಕೆಂಡು. ಕೋಣೆಯ ಸುತ್ತಿನ ಗೋಡೆಗೆ ಉದ್ದುದ್ದ ಮೊಟ್ಟೆಯಾಕಾರದ ಚೂರು, ಮುಚ್ಚಳಕ್ಕೆ ದುಂಡನೆ ಚೂರು, ಅಳತೆ ಪಟ್ಟಿ ಯಾರು ಕೊಟ್ರೋ ಅದಕ್ಕೆ.

ಎಲೆ ಹಾಸಿ ಆದ್ಮೇಲೆ ಪರಾಗ ತರೋಕೆ ಶುರು. ತುಪ್ಪದ ಜೇನು ಪರಾಗಾನ ಹಿಂಗಾಲಲ್ಲಿ ಉಂಡೆ ಕಟ್ಟಿ ತರುತ್ತೆ, ಇದು ಹೊಟ್ಟೆಯ ಅಡಿಭಾಗದ ಕೂದಲಿಗೆ ಪುಡಿಪುಡಿಯಾಗೇ ಮೆತ್ಕೊಂಡು ಬರುತ್ತೆ, ಕೆಳಗಿಂದ ನೋಡಿದ್ರೆ ಹೊಟ್ಟೆಗೆ ಅರಿಶಿನ ಬಳಿದ ಹಾಗೆ. ಪುಡಿಯಾಗಿರೋದ್ರಿಂದ ಹೂವಿಂದ ಹೂವಿಗೆ ಸುಲಭವಾಗಿ ಉದುರುತ್ತೆ, ಪರಾಗಸ್ಪರ್ಶಕ್ಕೆ ಇಂಥ ಹುಳ ಒಳ್ಳೇದು ಅನ್ನೋದಕ್ಕೆ ಅದೂ ಒಂದು ಕಾರಣ. ಕೊಳವೆ ಒಳಗೆ ಮೊದಲು ತಲೆ ಮುಂದಾಗಿ ಹೋಗಿ ಮಕರಂದ ಕಕ್ಕುತ್ತೆ, ಹೊರಗೆ ಬಂದು ತಿರುಗಿ ಹಿಮ್ಮುಖವಾಗಿ ಹೋಗಿ ಹೊಟ್ಟೆಯ ಪರಾಗ ಕೊಡವುತ್ತೆ. ಒಂದು ಬೆಳಗ್ಗೆ ಒಂದು ಗಂಟೆ ಕೂತು ಎಣಿಸ್ದೆ, 13 ಸಲ ಹೋಗಿ ಬಂತು. ನಾನು ಒಂದೂವರೆ ಅಡಿ ದೂರದಲ್ಲಿದ್ರೂ ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ. ಮಕ್ಕಳಿರೋ ಮನೇಲಿ ಕಚ್ಚುತ್ತಾ ಅಂತ ಕೇಳೋರಿಗೆ: ಒಂಟಿ ಜೇನಿಗೆ ಕಾಯೋಕೆ ಹುಟ್ಟಿಲ್ಲ, ತುಪ್ಪ ಇಲ್ಲ, ಹಿಂಡಾಗಿ ಮೇಲೆ ಬೀಳಲ್ಲ. ಕೈಯಲ್ಲಿ ಹಿಡಿದು ಅಮುಕಿದ್ರೆ ಮಾತ್ರ ಕುಟುಕಬಹುದು.

ಆ ಸಲ ನಾಲ್ಕು ಕೊಳವೆ ಮುಚ್ಚಿದ್ವು. ಮೂರರಲ್ಲಿ ಎಲೆ ಮುಚ್ಚಳದಲ್ಲಿ ದುಂಡನೆ ತೂತು ಮಾಡ್ಕೊಂಡು ಜೇನು ಹೊರಗೆ ಬಂದ್ವು, ಗಂಡು ಮೊದಲು, ಹೆಣ್ಣು ಆಮೇಲೆ. ನಾಲ್ಕನೇದರಿಂದ ಬಂದಿದ್ದು ಸಣ್ಣ ಕಣಜಗಳು, ಮರಿಹುಳದ ಮೇಲೆ ಮೊಟ್ಟೆ ಇಟ್ಟು ಅದನ್ನೇ ತಿಂದು ಬೆಳೆಯೋ ಜಾತಿ. ಅದು ಪ್ರಕೃತಿ ಲೆಕ್ಕದಲ್ಲಿ ಸಹಜಾನೇ. ಆದ್ರೆ ನೂರಾರು ತೂತಿನ ದೊಡ್ಡ ಪೆಟ್ಟಿಗೆ ಒಂದೇ ಕಡೆ ಇಟ್ರೆ ಕಣಜಕ್ಕೂ ನುಸಿಗೂ ಹುಡುಕೋ ಶ್ರಮಾನೇ ಇಲ್ದೆ ಎಲ್ಲಾ ಒಂದೇ ಕಡೆ ಸಿಗುತ್ತೆ. ಕೆನಡಾದ ಟೊರಾಂಟೊದಲ್ಲಿ ಮೂರು ವರ್ಷ ಸುಮಾರು 600 ಇಂಥ ಗೂಡುಗಳನ್ನ ಗಮನಿಸಿ 2015 ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ, ಹತ್ತಿರ ಹತ್ತಿರ ಮುಕ್ಕಾಲು ಪಾಲು ಗೂಡುಗಳಲ್ಲಿ ಪ್ರತಿವರ್ಷ ತಾವೇ ಗೂಡು ಕಟ್ಟೋ ಬೇರೆ ಕಣಜಗಳು ಸೇರ್ಕೊಂಡಿದ್ವು, ಬಂದ ಜೇನುಗಳಲ್ಲೂ ಅರ್ಧದ ಹತ್ರ ಹೊರದೇಶದಿಂದ ಬಂದು ನೆಲೆಯೂರಿದ ಜಾತಿಗಳು. ಅದಕ್ಕೇ ದೊಡ್ಡ ಸೈಜು ತಗೋಬೇಡಿ. ಸಣ್ಣದು ಎರಡ್ಮೂರು, ದೂರ ದೂರ.

ಈಗ ನನ್ನ ದೊಡ್ಡ ತಕರಾರು. ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ರೂ ಹುಳ ಕಮ್ಮಿ ಆಗ್ತಿರೋದು ತೂತು ಸಾಲದೆ ಮಾತ್ರ ಅಲ್ಲ. ಜರ್ಮನಿಯಲ್ಲಿ 63 ಸಂರಕ್ಷಿತ ಪ್ರದೇಶಗಳಲ್ಲಿ 27 ವರ್ಷ ಬಲೆ ಹಾಕಿ ಹಿಡಿದ ಹಾರೋ ಹುಳಗಳ ತೂಕ ಲೆಕ್ಕ ಹಾಕಿದ್ರು, 2017 ರಲ್ಲಿ ಅದು ಹೊರಗೆ ಬಂತು, ತೂಕ 76% ಇಳಿದಿತ್ತು. ಸಂರಕ್ಷಿತ ಪ್ರದೇಶದಲ್ಲೇ! ಹೂವಿನ ಬಯಲೆಲ್ಲ ಒಂದೇ ಬೆಳೆ ಹೊಲ ಆಗಿದೆ, ಆ ಬೆಳೆ ಹೂ ಬಿಟ್ಟಾಗ ಎರಡು ವಾರ ಹಬ್ಬ, ಉಳಿದ ವರ್ಷ ಉಪವಾಸ. ಬದುವಿನ ಕಳೆ ಹೂವೂ ಇಲ್ಲ, ಕಳೆನಾಶಕ. ನಿಯೋನಿಕೋಟಿನಾಯ್ಡ್ ಅನ್ನೋ ಗುಂಪಿನ ಕೀಟನಾಶಕ ಬೀಜಕ್ಕೆ ಲೇಪ ಮಾಡಿ ಬಿತ್ತಿದ್ರೂ ಗಿಡದ ರಸದ ಜೊತೆ ಏರಿ ಪರಾಗ, ಮಕರಂದದವರೆಗೂ ಹೋಗುತ್ತೆ, ಹುಳ ಸಾಯದಿದ್ರೂ ದಾರಿ ತಪ್ಪುತ್ತೆ, ಮರಿ ಕಮ್ಮಿ ಆಗುತ್ತೆ. ಯುರೋಪಿಯನ್ ಒಕ್ಕೂಟ 2018 ರಲ್ಲಿ ಅಂಥ ಮೂರನ್ನ ಬಯಲಲ್ಲಿ ಬಳಸ್ಬಾರ್ದು ಅಂತ ನಿಲ್ಲಿಸ್ತು. ರಾತ್ರಿ ದೀಪಾನೂ ಒಂದು ಕಾರಣ ಅಂತ ನನಗೆ ಗೊತ್ತೇ ಇರ್ಲಿಲ್ಲ, ಸ್ವಿಟ್ಜರ್ಲೆಂಡ್‌ನಲ್ಲಿ ಹುಲ್ಲುಗಾವಲಿಗೆ ಬೀದಿದೀಪ ಹಾಕಿ ನೋಡಿದ್ರೆ ರಾತ್ರಿ ಹೂವಿಗೆ ಬರೋ ಪತಂಗ, ಹುಳಗಳ ಭೇಟಿ 62% ಕಮ್ಮಿ ಆಯ್ತಂತೆ, ಹಗಲು ಬರೋ ಹುಳಗಳು ಆ ನಷ್ಟ ತುಂಬ್ಲಿಲ್ಲ.

ಜೇನು ಸಾಕಾಣಿಕೆ ಜಾಸ್ತಿ ಮಾಡಿದ್ರೆ ಆಯ್ತಲ್ಲ ಅಂತ ಒಬ್ಬರು ನನ್ನ ಹತ್ರ ವಾದ ಮಾಡಿದ್ರು. ಆಗಲ್ಲ. 41 ಥರ ಬೆಳೆಗಳ 600 ಹೊಲ ನೋಡಿ 2013 ರಲ್ಲಿ ಪ್ರಕಟ ಮಾಡಿದ ಅಧ್ಯಯನದ ಪ್ರಕಾರ, ಕಾಡುಹುಳಗಳು ಬಂದ್ರೆ ಕಾಯಿ ಕಚ್ಚೋದು ಏರೋ ಪ್ರಮಾಣ ಸಾಕು ಜೇನಿನ ಎರಡರಷ್ಟು. ಟೊಮೆಟೊ, ಬದನೆ ಹೂವನ್ನೇ ನೋಡಿ, ಪರಾಗ ಕೊಳವೆಯೊಳಗೆ ಭದ್ರವಾಗಿರುತ್ತೆ, ತುದಿಯಲ್ಲೊಂದು ಸಣ್ಣ ರಂಧ್ರ. ದುಂಬಿ ಅದನ್ನ ತಬ್ಬಿ ಹಿಡಿದು ರೆಕ್ಕೆಯ ಸ್ನಾಯು ಅದುರಿಸಿದ್ರೆ ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಪರಾಗ ಉದುರುತ್ತೆ. ತುಪ್ಪದ ಜೇನಿಗೆ ಆ ವಿದ್ಯೆ ಇಲ್ಲ. ಚಾಕೊಲೇಟಿನ ಕೋಕೋ ಹೂವಿಗೆ ಬರೋದು ಗುಂಡುಸೂಜಿ ತಲೆಯಷ್ಟಿರೋ ನೊಣ. ಎಣ್ಣೆ ತಾಳೆಗೆ ಒಂದು ಸೊಂಡಿಲು ಹುಳ, ಮಲೇಷ್ಯಾದಲ್ಲಿ 1981 ರಲ್ಲಿ ಅದನ್ನ ಆಫ್ರಿಕಾದ ಕ್ಯಾಮರೂನ್‌ನಿಂದ ತಂದು ಬಿಡೋವರೆಗೂ ತೋಟಗಳಲ್ಲಿ ಕೈಯಿಂದ ಪರಾಗ ಹಾಕ್ತಿದ್ರು. ಇಂಥ ಹೂವುಗಳಿಗೆ ಅವುಗಳದ್ದೇ ಹುಳ ಬೇಕು, ಎಲ್ಲಾ ಕೆಲಸ ಒಂದೇ ಹುಳ ಮಾಡಲ್ಲ.

ನಮ್ಮನೇಲಿ ವ್ಯತ್ಯಾಸ ಕಂಡಿದ್ದು ಪೆಟ್ಟಿಗೆಗಿಂತ ಬೇರೆ ಮೂರು ಕೆಲಸದಿಂದ. ಕೀಟನಾಶಕ ಹೊಡೆಯೋದು ಪೂರ್ತಿ ಬಿಟ್ಟೆ, ನರ್ಸರಿಯಿಂದ ಗಿಡ ತರೋವಾಗ ಔಷಧಿ ಹಾಕಿದೀರಾ ಅಂತ ಕೇಳೇ ತರ್ತೀನಿ. ಸೊಪ್ಪಿನ ಮಡಿಯಲ್ಲಿ ಕಾಲು ಭಾಗ ಕೀಳದೆ ಹೂ ಬಿಡೋಕೆ ಬಿಟ್ಟೆ. ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗ ಅಗೆಯದೆ, ಮುಚ್ಚದೆ ಬರಿ ನೆಲವಾಗೇ ಇಟ್ಟೆ. ಆ ಬರಿ ನೆಲದಲ್ಲಿ ಈಗ ಪೆನ್ಸಿಲ್ ಹೋಗೋವಷ್ಟು 20 ಕ್ಕೂ ಹೆಚ್ಚು ಬಿಲ ಇವೆ, ಪ್ರತಿಯೊಂದರ ಸುತ್ತ ಸಣ್ಣ ಮಣ್ಣಿನ ಗುಪ್ಪೆ. ಒಂದು ರೂಪಾಯಿ ಖರ್ಚಿಲ್ಲ. ಪೆಟ್ಟಿಗೆಗೆ ಬಂದಿದ್ದಕ್ಕಿಂತ ಜಾಸ್ತಿ ಹುಳ ಅಲ್ಲಿದೆ.

ಹಂಗಾದ್ರೆ ತಗೋಬೇಕಾ ಬೇಡ್ವಾ? ಇದೇ ಮಾಡೆಲ್ ಆದ್ರೆ ಬೇಡ. ಬೇರೆ ತಗೊಳ್ಳೋದಾದ್ರೆ ಆಳ 15 ಸೆಂಟಿಮೀಟರ್ ಇದೆಯಾ, ಹಿಂಬದಿ ಮುಚ್ಚಿದೆಯಾ, ತೂತಿನ ಬಾಯಿ ನುಣುಪಾಗಿದೆಯಾ, ಕೊಳವೆ ಹೊರಗೆ ತೆಗೆಯೋಕೆ ಬರುತ್ತಾ, ಇಷ್ಟು ಕೇಳಿ, ಮಾರೋರಿಗೆ ಉತ್ತರ ಗೊತ್ತಿಲ್ಲ ಅಂದ್ರೆ ಬಿಡಿ. ಕೊಟ್ಟ ಎರಡು ಸ್ಟಾರ್ ಗಟ್ಟಿ ಫ್ರೇಮಿಗೊಂದು, ಮಳೆ ತಡೆಯೋ ಚಾವಣಿಗೊಂದು. ಸರಿ ಮಾಡಿ ಕೂರಿಸಿದ್ರೆ ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ, ನಮ್ಮನೆ ಚಿಕ್ಕೋಳು ಈಗ ಯಾವ ಹುಳ ಕಂಡ್ರೂ ಹೊಡೆಯೋಕೆ ಹೋಗಲ್ಲ, ಹೊಟ್ಟೆ ಕೆಳಗೆ ಹಳದಿ ಇದೆಯಾ ಅಂತ ಬಗ್ಗಿ ನೋಡ್ತಾಳೆ.

ಕುಂಬಳಕ್ಕೆ ಈ ಸಲ ನಾನು ಕೈ ಹಾಕಿಲ್ಲ, ನಾಲ್ಕು ಕಾಯಿ ನಿಂತಿವೆ. ಕೊಳವೆಗಳಲ್ಲಿ ಏಳು ಮುಚ್ಚಿವೆ, ಎರಡನೇ ಸಾಲಿನ ಕೊನೇದಕ್ಕೆ ಇವತ್ತು ಬೆಳಗ್ಗೆ ಎಲೆ ಮುಚ್ಚಳ ಬಿತ್ತು. ಹೊರಗೆ ಬಂದಾಗ ಎಣಿಸಿ ಇಲ್ಲೇ ಅಪ್‌ಡೇಟ್ ಮಾಡ್ತೀನಿ.